ಹೊಟ್ಟೆಪಟ್ಟಿಯ ಕೆಳಗಿನ ಸುಳಿ

ಕುದುರೆ ಕುಂಟಿದರೆ ಎಲ್ಲರೂ ಕಾಲು ನೋಡುತ್ತಾರೆ. ನಾನು ತಲೆ ನೋಡುತ್ತಿದ್ದೆ. ನೋಯುವ ಮುಂಗಾಲು ನೆಲಕ್ಕೆ ಬಿದ್ದಾಗ ಕುದುರೆ ತಲೆ ಎತ್ತುತ್ತದೆ, ಚೆನ್ನಾಗಿರುವ ಕಾಲು ಬಿದ್ದಾಗ ಇಳಿಸುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಅರಸೀಕೆರೆ ಸ್ಟೇಷನ್ನಿನ ಮುಂದೆ ನನ್ನ ಗಂಡ ಜಟಕಾ ಹೊಡೆಯುತ್ತಿದ್ದ. ಅವನಿಗೆ ಬುತ್ತಿ ತೆಗೆದುಕೊಂಡು ಹೋದಾಗ ರೈಲು ಬರುವವರೆಗೆ ಸುಮ್ಮನೆ ಕೂತು ಸಾಲಾಗಿ ನಿಂತ ಕುದುರೆಗಳನ್ನೇ ನೋಡುತ್ತಿದ್ದೆ. ನೋಡಿ ನೋಡಿ ಯಾವುದಕ್ಕೆ ಎಲ್ಲಿ ನೋವಿದೆ ಎಂಬುದು ಅದರ ಯಜಮಾನನಿಗಿಂತ ಮೊದಲು ನನಗೆ ತಿಳಿಯತೊಡಗಿತು. ಜಟಕಾದವರು ಮೊದಲು ನಕ್ಕರು. ಆಮೇಲೆ ಮನೆಗೆ ಬರತೊಡಗಿದರು.

ಊರಲ್ಲಿ ಆಟೋಗಳು ಹೆಚ್ಚಿ ಜಟಕಾಗಳು ಬೆರಳೆಣಿಕೆಗೆ ಇಳಿದಿದ್ದ ವರ್ಷ ಅದು. ಒಂದು ಗುರುವಾರ ಹಳೇಬೀಡಿನ ಜಟಕಾದವನೊಬ್ಬ ಬಂದು ನಮ್ಮ ಜಗಲಿಯ ಮೇಲೆ ಕೂತ. ನೀರು ಕೊಟ್ಟರೆ ಕುಡಿಯಲಿಲ್ಲ.

"ಅಕ್ಕ, ನನ್ ಕುದ್ರೆ ದಿಬ್ಬ ಹತ್ತಲ್ಲ. ಬುಡುದಲ್ಲೇ ನಿಂತ್ಕತದೆ. ಹೊಡುದ್ರೆ ಹಿಂಗಾಲ್ ಮೇಲೆ ಎದ್ದು ನಿಲ್ತದೆ. ಮೊನ್ನೆ ದೇವಸ್ಥಾನ ನೋಡಕ್ ಬಂದೋರ್ನ ಚರಂಡಿಗೆ ಕೆಡವ್ತು."

"ಮಾರಾಕು" ಎಂದ ನನ್ನ ಗಂಡ, ಬೀಡಿ ಹಚ್ಚುತ್ತ.

"ಮಾತು ಕೊಟ್ಟಾಯ್ತು. ಬುಧವಾರ ಗಂಡಸಿ ಕಡೆ ದಲ್ಲಾಳಿ ಲಾರಿ ತತ್ತಾನೆ."

"ಮಾತು ಕೊಟ್ ಮೇಲೆ ಇಲ್ಲಿಗ್ಯಾಕ್ ಬಂದೆ?" ಎಂದೆ.

"ಆ ಲಾರಿ ಎತ್ಲಾಗ್ ಹೋಯ್ತದೆ ಅಂತ ನಿಂಗೂ ಗೊತ್ತಲ್ಲಕ್ಕ."

ಗೊತ್ತಿತ್ತು. ಆ ಲಾರಿ ಹತ್ತಿದ ಕುದುರೆ ಮತ್ತೆ ಯಾರ ಗಾಡಿಯನ್ನೂ ಎಳೆಯುವುದಿಲ್ಲ. ಅವನಿಗೂ ಬೇರೆ ಕಸುಬು ತಿಳಿಯದು. ದಲ್ಲಾಳಿ ಅದರ ಹೊಟ್ಟೆಯ ಕೆಳಗೆ ಕೆಟ್ಟ ಸುಳಿ ಇದೆ ಎಂದು ತೋರಿಸಿದ್ದನಂತೆ. ನಮ್ಮ ಕಡೆ ಕುದುರೆ ಕೊಳ್ಳುವವರು ಹಲ್ಲು ನೋಡುವ ಮೊದಲು ಮೈಮೇಲೆ ಕೂದಲು ಎಲ್ಲೆಲ್ಲಿ ಸುತ್ತಿಕೊಂಡಿದೆ ಎಂದು ನೋಡುತ್ತಾರೆ. ಸುಳಿ ಕೆಟ್ಟಿದ್ದರೆ ಬಿಟ್ಟಿ ಕೊಟ್ಟರೂ ಯಾರೂ ಕಟ್ಟಿಕೊಳ್ಳುವುದಿಲ್ಲ.

"ತಗಳ್ಳೋವಾಗ ನೋಡ್ನಿಲ್ವೇನೋ ಸುಳಿಯ?"

"ನೋಡಿದ್ದೆ ಕಣಕ್ಕ. ಆಗ ಕಾಣ್ನಿಲ್ಲ."

"ಕುಡ್ದು ನೋಡಿರ್ತೀಯ" ಎಂದ ನನ್ನ ಗಂಡ. ನಾನೂ ನಕ್ಕೆ. ನಗಬಾರದಿತ್ತು. ಆಗ ಕಾಣಲಿಲ್ಲ ಎಂಬ ಜಟಕಾದವನ ಮಾತಿನಲ್ಲೇ ಎಲ್ಲ ಇತ್ತು, ನನ್ನ ದಡ್ಡತಲೆಗೆ ಹೊಳೆಯಲಿಲ್ಲ. ಆಗ ನಾನೂ ಸುಳಿ ನಂಬುತ್ತಿದ್ದೆ.

ಮಾರನೆಯ ದಿನ ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ಅವನ ಜೊತೆ ಹೊರಟೆ. ಕುದುರೆ ಕಂದು ಬಣ್ಣದ್ದು, ಹೆಣ್ಣು, ಒಳ್ಳೆಯ ಎದೆ. ನಡೆಸಿ ನೋಡಿದೆ. ತಲೆ ಎತ್ತಲಿಲ್ಲ, ಇಳಿಸಲಿಲ್ಲ. ಆದರೂ ಗೊರಸಿನಲ್ಲೇ ಏನೋ ಇರಬೇಕೆಂದು ಹಟ ಹಿಡಿದು, ಲಾಳ ಕಟ್ಟುವ ಮುದುಕನನ್ನು ಕರೆಸಿ ನಾಲ್ಕೂ ಲಾಳ ಕೀಳಿಸಿದೆ. ಮುದುಕ ಗೊರಸನ್ನೆಲ್ಲ ಇಕ್ಕಳದಿಂದ ಒತ್ತಿದ. ಕುದುರೆ ಹುಲ್ಲು ತಿನ್ನುತ್ತ ನಿಂತಿತ್ತು.

"ಅರಸೀಕೆರೆಯಿಂದ ಡಾಕ್ಟ್ರಮ್ಮ ಬಂದವ್ರೆ. ಮುಂದೆ ಹಲ್ಲು ಕೀಳ್ಲಾ, ಬಾಲ ಕೀಳ್ಲಾ?" ಎಂದ ಮುದುಕ.

"ನಿನ್ ಬಾಯಲ್ಲಿ ಉಳ್ದಿರೋ ಎರಡ್ ಹಲ್ ಕೀಳು, ಸಾಕು. ಲಾಳ ಮತ್ತೆ ಹೊಡಿ."

ಮಧ್ಯಾಹ್ನ ದಿಬ್ಬಕ್ಕೆ ಹೋದೆವು. ಕೆರೆ ದಾಟಿದ ಮೇಲೆ ಸಿಗುವ ಏರು, ದೊಡ್ಡದೇನಲ್ಲ. ಬರಿಮೈಯಲ್ಲಿ ಕುದುರೆ ಸರಾಗ ಹತ್ತಿತು. ಖಾಲಿ ಗಾಡಿ ಕಟ್ಟಿದೆವು, ಹತ್ತಿತು. ದೆವ್ವವಾಗಲಿ ಸುಳಿಯಾಗಲಿ ಗಾಡಿ ಖಾಲಿಯೋ ತುಂಬಿದೆಯೋ ನೋಡಿಕೊಂಡು ಕಾಡುವುದಿಲ್ಲ. ಜಟಕಾದವನ ಹೆಂಡತಿಯನ್ನೂ ಮುದುಕನನ್ನೂ ಎರಡು ಮೂಟೆ ರಾಗಿಯನ್ನೂ ಗಾಡಿಗೆ ಹೇರಿಸಿದೆ. ಸಮನೆಲದಲ್ಲಿ ಕಿವಿ ಹಿಂದಕ್ಕೆ ಮಡಚಿಕೊಂಡು ನಡೆಯಿತು. ಏರು ಶುರುವಾದಲ್ಲಿ ನಿಂತೇಬಿಟ್ಟಿತು.

"ಚಾಟಿ ಮುಟ್ಟಬ್ಯಾಡ. ಯಾರೂ ಇಳೀಬ್ಯಾಡಿ" ಎಂದು ಹೇಳಿ ಕುದುರೆಯ ಪಕ್ಕದಲ್ಲಿ ಬಗ್ಗಿದೆ. ಗಾಡಿಯ ಎರಡು ಮೂಕಿಮರ ಕುದುರೆಯ ಪಕ್ಕೆಗಳ ಉದ್ದಕ್ಕೆ ಬರುತ್ತವೆ. ಅವು ಮೇಲೇಳದಂತೆ ಹೊಟ್ಟೆಯ ಕೆಳಗೆ ಒಂದು ತೊಗಲಿನ ಪಟ್ಟಿ ಕಟ್ಟುತ್ತಾರೆ. ಅದು ಮೂರು ಬೆರಳು ಆಡುವಷ್ಟು ಸಡಿಲವಿರಬೇಕು. ಪಟ್ಟಿಗೂ ಹೊಟ್ಟೆಗೂ ನಡುವೆ ನನ್ನ ಕೈ ತೂರಿಸಲು ಹೋದೆ. ಹೇಗೋ ತೂರಿತು. ಅಷ್ಟರಲ್ಲಿ ಮುದುಕ ಹಿಂದಕ್ಕೆ ಒರಗಿ ಕೂತ. ಕೈ ಸಿಕ್ಕಿಕೊಂಡಿತು, ಎಳೆದರೆ ಬರುವುದಿಲ್ಲ. ಗಾಣಕ್ಕೆ ಕೊಟ್ಟ ಹಾಗೆ.

"ಮುಂದಕ್ ಸರಿಯೋ ಮುದ್ಯಾ, ನನ್ ಕೈ ಹೋಯ್ತದೆ."

ಅವನು ಮುಂದೆ ಸರಿದ. ಕೈ ಬಿಡುಗಡೆಯಾಯಿತು. ಬೆರಳು ಉರಿಯುತ್ತಿದ್ದವು, ನನಗೆ ಮಾತ್ರ ಕುಣಿಯುವ ಹಾಗಾಗಿತ್ತು. ಹಿಂದೆ ಓಡಿಹೋಗಿ ಗಾಡಿ ನೋಡಿದೆ. ಬೆಳಗ್ಗೆಯಿಂದ ಕುದುರೆಯನ್ನೇ ನೋಡುತ್ತಿದ್ದವಳು ಗಾಡಿಯನ್ನು ನೋಡಿರಲೇ ಇಲ್ಲ. ಕಬ್ಬಿಣದ ಪಟ್ಟೆಯ ಎತ್ತರದ ಮರದ ಚಕ್ರಗಳಿಲ್ಲ, ಅವುಗಳ ಜಾಗದಲ್ಲಿ ಗಿಡ್ಡನೆಯ ಟೈರ್ ಚಕ್ರಗಳು. ಅಚ್ಚು ಕೆಳಗಿಳಿದು ಗಾಡಿ ಹಿಂದಕ್ಕೆ ವಾಲಿತ್ತು. ಜನ ಕೂತರೆ ಹಿಂದಕ್ಕೇ ಜಾರುತ್ತಾರೆ, ಮೂಕಿ ಮೇಲೇಳುತ್ತದೆ, ಪಟ್ಟಿ ಹೊಟ್ಟೆಗೆ ಕಚ್ಚುತ್ತದೆ. ಏರು ಬಂದರೆ ಇನ್ನೂ ಹೆಚ್ಚು.

"ಟೈರ್ ಯಾವಾಗ್ ಹಾಕುಸ್ದೆ?"

"ಯುಗಾದಿಗ್ ಮುಂಚೆ. ಕುಲುಕಲ್ಲ ಅಂತ ಜನ ಇಷ್ಟಪಡ್ತಾರೆ."

"ಕುದ್ರೆ ನಿಲ್ಲಕ್ ಸುರು ಮಾಡಿದ್ದು?"

ಅವನು ಲೆಕ್ಕ ಹಾಕಿದ. "ಯುಗಾದಿ ಆದ್ಮ್ಯಾಕೆ."

"ಸುಳಿ ಎಲ್ಲೈತೆ ತೋರ್ಸು."

ಎಲ್ಲರನ್ನೂ ಇಳಿಸಿ ಪಟ್ಟಿ ಬಿಚ್ಚಿದ. ಸರಿಯಾಗಿ ಪಟ್ಟಿ ಕೂರುವ ಜಾಗದಲ್ಲೇ ಕೂದಲು ಸುತ್ತಿಕೊಂಡಿತ್ತು. ಬೆರಳಿನಿಂದ ಬಿಡಿಸಿದೆ. ಕೆಳಗೆ ಚರ್ಮ ದಪ್ಪಗಟ್ಟಿ, ನಡುವೆ ಕೆಂಪಗೆ ಹಸಿಯಿತ್ತು. ಉಜ್ಜಿ ಉಜ್ಜಿ ಉದುರಿದ ಕೂದಲು ಸೊಟ್ಟಗೆ ಹುಟ್ಟಿಕೊಂಡಿತ್ತು. ಸುಳಿ ಹುಟ್ಟುವಾಗ ಬರುತ್ತದೆ, ಯುಗಾದಿ ಕಳೆದ ಮೇಲೆ ಬರುವುದಿಲ್ಲ. ದಲ್ಲಾಳಿ ಹೇಳಿದ, ಇವರು ನಂಬಿದರು, ಕೇಳಿ ನಾನೂ ನಂಬಿದೆ. ಗಾಯ ಎಲ್ಲರ ಕಣ್ಣ ಮುಂದೆಯೇ ಇತ್ತು.

"ಇದು ಸುಳಿಯಲ್ಲ ಕಣೋ. ನೀನೇ ಮಾಡಿರೋ ಗಾಯ."

ಅವನು ಸಪ್ಪಗಾದ. ಅವನ ಹೆಂಡತಿ, "ಅವತ್ತೇ ಬಡ್ಕಂಡೆ, ಆ ಟೈರ್ ಬ್ಯಾಡ ಅಂತ" ಎಂದಳು.

"ನೀನೇ ಕಣೇ ಹಾಕ್ಸು ಅಂದಿದ್ದು."

ಅವರ ಜಗಳ ಕೇಳಲು ನನಗೆ ಪುರುಸೊತ್ತಿರಲಿಲ್ಲ. ಬುಧವಾರಕ್ಕೆ ಐದೇ ದಿನ, ಊರಿಗೆ ಮರಳದೆ ಅವರ ಮನೆಯಲ್ಲೇ ಉಳಿದೆ. ಶನಿವಾರ ಬಡಗಿ ಅಚ್ಚಿನ ಮೇಲೆ ಹಲಸಿನ ದಿಮ್ಮಿ ಕೂರಿಸಿ ಗಾಡಿಯನ್ನು ಗೇಣುದ್ದ ಎತ್ತರಿಸಿದ. ಮೂಕಿ ಮಟ್ಟಸವಾಗಿ ನಿಂತಿತು. ಗಾಯಕ್ಕೆ ಅರಿಸಿನ, ಕೊಬ್ಬರಿ ಎಣ್ಣೆ ಹಚ್ಚಿದೆ. ನನ್ನ ಹಳೆಯ ಸೀರೆ ಹರಿದು ಪಟ್ಟಿಗೆ ಸುತ್ತಿದೆ.

ಎಲ್ಲ ಸರಿಯಾಯಿತು, ಕುದುರೆ ಮಾತ್ರ ಹತ್ತಲಿಲ್ಲ. ಭಾನುವಾರ ಮುದುಕನೊಬ್ಬನನ್ನೇ ಕೂರಿಸಿ ಗಾಡಿ ಹೊಡೆದರೆ ಅದೇ ಜಾಗದಲ್ಲಿ ನಿಂತಿತು. ಪಟ್ಟಿ ಸಡಿಲವಾಗಿಯೇ ಇತ್ತು, ನಾಲ್ಕು ಬೆರಳು ಆಡಿಸಿ ನೋಡಿದೆ. ನೋವು ಹೋಗಿತ್ತು, ನೋವಾಗುತ್ತದೆ ಎಂಬ ಅಂಜಿಕೆ ಹೋಗಿರಲಿಲ್ಲ. ಅದನ್ನು ದಿಮ್ಮಿ ಇಟ್ಟು ಸರಿಮಾಡಲು ಆಗುವುದಿಲ್ಲ.

ಆ ದಿಬ್ಬವನ್ನು ನಾನು ಎಷ್ಟು ಸಲ ಹತ್ತಿ ಇಳಿದೆನೋ. ಮೊದಲು ಬರಿಮೈ ಕುದುರೆಯ ಜೊತೆ, ಆಮೇಲೆ ಖಾಲಿ ಗಾಡಿ, ಆಮೇಲೆ ಒಂದು ಮೂಟೆ. ನಿಂತಾಗ ಹೊಡೆಯುತ್ತಿರಲಿಲ್ಲ, ನಾನೂ ನಿಲ್ಲುತ್ತಿದ್ದೆ. ಕುದುರೆ ಕತ್ತು ತಿರುಗಿಸಿ ತನ್ನ ಹೊಟ್ಟೆ ನೋಡಿಕೊಳ್ಳುತ್ತಿತ್ತು. ಕಚ್ಚಲಿಲ್ಲ ಎಂದು ಖಾತ್ರಿಯಾದ ಮೇಲೆ ಒಂದು ಹೆಜ್ಜೆ. ತುದಿ ಮುಟ್ಟಿದಾಗಲೆಲ್ಲ ಬೆಂದ ಹುರುಳಿ ಒಂದು ಹಿಡಿ. ಮಂಗಳವಾರ ಸಂಜೆ ಎರಡು ಮೂಟೆ ಎಳೆಯಿತು. ಜನರನ್ನು ಮಾತ್ರ ಕೂರಿಸಲಿಲ್ಲ. ಒಂದು ಸಲ ಹೆದರಿದರೆ ಮಾಡಿದ್ದೆಲ್ಲ ನೀರುಪಾಲು.

ಬುಧವಾರ ಲಾರಿ ದಿಬ್ಬದ ಕೆಳಗೇ ಬಂದು ನಿಂತಿತು. ದಲ್ಲಾಳಿ ದಪ್ಪ ಮನುಷ್ಯ, ಬಾಯಿ ತುಂಬ ಎಲೆಅಡಿಕೆ. ಅವನಿಗೆ ದಿಮ್ಮಿ ತೋರಿಸಿ, ಅದು ಸುಳಿಯಲ್ಲ, ಪಟ್ಟಿಯ ಗಾಯ ಎಂದೆ.

"ಸುಳಿ ಸುಳಿಯೇ ಕಣಮ್ಮ. ಮರದ್ ತುಂಡಿಟ್ರೆ ಹೋಯ್ತದಾ? ಹತ್ಸಿ ಕುದ್ರೆಯ ಲಾರಿಗೆ."

"ಮೊದ್ಲು ನೀವ್ ಹತ್ರಿ ಗಾಡಿಗೆ. ದಿಬ್ಬ ಹತ್ತಿದ್ರೆ ಕುದ್ರೆ ಇಲ್ಲೇ ಉಳೀತದೆ, ಹತ್ನಿಲ್ಲ ಅಂದ್ರೆ ನಾನೇ ಕುದ್ರೆ ಹಿಡ್ಕಂಡೋಗಿ ಲಾರಿಗ್ ಹತ್ಸ್ತೀನಿ."

ಜಟಕಾದವನು ನನ್ನ ಮುಖ ನೋಡಿದ. ಅವನನ್ನು ಕೇಳದೆ ಅವನ ಕುದುರೆಯನ್ನು ನಾನು ಪಣಕ್ಕಿಟ್ಟಿದ್ದೆ. ಅವನು ಗಾಡಿಯ ಮುಂದೆ ಕೂತು ಲಗಾಮು ಹಿಡಿದ. ದಲ್ಲಾಳಿ ಹತ್ತಿದ, ಜಟಕಾದವನ ಹೆಂಡತಿ ಹತ್ತಿದಳು, ಮುದುಕ ಹತ್ತಿದ. ನಾನು ಪಕ್ಕದಲ್ಲಿ ನಡೆದೆ.

ಏರು ಶುರುವಾದಲ್ಲಿ ಕುದುರೆ ನಿಂತಿತು.

"ನೋಡಿದ್ರಾ" ಎಂದು ದಲ್ಲಾಳಿ ಹಿಂದಕ್ಕೆ ಒರಗಿದ. ಪಟ್ಟಿ ಬಿಗಿಯಾಗುವುದು ನನ್ನ ಕಣ್ಣಿಗೆ ಕಂಡಿತು. ನಾನು ಬಾಯಿ ತೆಗೆಯುವಷ್ಟರಲ್ಲಿ ಜಟಕಾದವನು ಹಿಂದೆ ತಿರುಗಿ, "ಮುಂದಕ್ ಸರೀರಿ ಸ್ವಾಮಿ, ಎಲ್ರೂ ಮುಂದಕ್ ಸರೀರಿ" ಎಂದ. ಜಟಕಾ ಹೊಡೆಯುವವರು ದಿನಕ್ಕೆ ನೂರು ಸಲ ಹೇಳುವ ಮಾತು. ಟೈರ್ ಬಂದು ಗಾಡಿ ಮೆತ್ತಗಾದ ಮೇಲೆ ಅವನು ಅದನ್ನು ಹೇಳುವುದನ್ನೇ ಬಿಟ್ಟಿದ್ದ.

ದಲ್ಲಾಳಿ ಗೊಣಗುತ್ತ ಮುಂದೆ ಸರಿದ. ಪಟ್ಟಿ ಸಡಿಲವಾಯಿತು. ಕುದುರೆ ಕತ್ತು ತಿರುಗಿಸಿ ಹೊಟ್ಟೆ ನೋಡಿಕೊಂಡಿತು. ಒಂದು ಹೆಜ್ಜೆ ಇಟ್ಟಿತು. ಇನ್ನೊಂದು. ಆಮೇಲೆ ಎದೆ ಕೊಟ್ಟು ಎಳೆಯಿತು ನೋಡಿ, ನಾನು ಸೆರಗು ಸಿಕ್ಕಿಸಿಕೊಂಡು ಹಿಂದೆ ಓಡಬೇಕಾಯಿತು. ಈ ಮಂಡಿಗಳಲ್ಲಿ ಅಷ್ಟು ಓಟ ಇತ್ತೆಂದು ನನಗೇ ಗೊತ್ತಿರಲಿಲ್ಲ. ಮಡಿಲಲ್ಲಿದ್ದ ಹುರುಳಿ ಅರ್ಧ ದಾರಿಯಲ್ಲೇ ಚೆಲ್ಲಿಹೋಯಿತು.

ತುದಿಯಲ್ಲಿ ದಲ್ಲಾಳಿ ಇಳಿದು, ಬಗ್ಗಿ ಸುಳಿಯನ್ನು ಇನ್ನೊಂದು ಸಲ ನೋಡಿದ. ಎಲೆಅಡಿಕೆ ಉಗಿದು ಲಾರಿಯ ಕಡೆ ಇಳಿದುಹೋದ. ಜಟಕಾದವನು ಕುದುರೆಯ ಹತ್ತಿರ ಹೋಗಿ ಏನೋ ಹೇಳಿದ, ನಾನು ಕೇಳಿಸಿಕೊಳ್ಳಲಿಲ್ಲ. ನನಗೆ ಮಧ್ಯಾಹ್ನದ ಬಸ್ಸಿನ ಯೋಚನೆ.

"ಬಸ್ ಸ್ಟ್ಯಾಂಡಿಗೆ ಬಿಡ್ತೀನಿ ಹತ್ತಕ್ಕ" ಎಂದ. ಹತ್ತಿ, ಸಾಕಾಗಿದ್ದ ಕಾಲು ಚಾಚಿ ಹಿಂದಕ್ಕೆ ಒರಗಿದೆ.

ಅವನು ಲಗಾಮು ಎತ್ತಲಿಲ್ಲ. ತಿರುಗಿ ನನ್ನನ್ನೇ ನೋಡಿದ.

"ಮುಂದಕ್ ಸರಿ ಅಕ್ಕ."

ಸರಿದೆ.