ಎದುರುಬದುರು ರುಜು

ಮಳೆ ಬಿಟ್ಟು ಬಿಸಿಲು ಕಂಡ ಕೂಡಲೇ ನಾನು ಆಲ್ಬಮ್‌ಗಳನ್ನೆಲ್ಲ ಕಪಾಟಿನಿಂದ ತೆಗೆದು ಹಜಾರದಲ್ಲಿ ಹರಡುತ್ತೇನೆ. ಇವತ್ತೂ ಹರಡಿದೆ. ಮನೆ ತುಂಬ ಬೂಷ್ಟಿನ ವಾಸನೆ. ಶಿಕಾರಿಪುರದ ಈ ಮನೆಯಲ್ಲಿ ಮೂಗು ಮುಚ್ಚಿಕೊಂಡು ಬೈಯುವವರು ಯಾರೂ ಇಲ್ಲವಾದ್ದರಿಂದ, ಹತ್ತಿಯಲ್ಲಿ ಒಂದೊಂದೇ ಮುಖ ಒರೆಸುತ್ತ ನಿಧಾನವಾಗಿ ಕೂತಿದ್ದೇನೆ.

ಇವೆಲ್ಲ ಹಳ್ಳಿ ಹಾಡುಗಾರರ ಫೋಟೊಗಳು. ಲಾವಣಿ, ತತ್ವಪದ, ಗೀಗೀ ಪದ ಹಾಡಿದವರು. ಪ್ರತಿಯೊಂದರ ಮೇಲೂ ಅವರವರದೇ ರುಜು. ಇದೇನು ಹುಚ್ಚು ಎಂದು ನೀವು ಕೇಳಬಹುದು. ನನಗೆ ಹಾಡಲು ಬಾರದು, ಮದುವೆಯೂ ಆಗಲಿಲ್ಲ. ಫೋಟೊ ತೆಗೆಯಲು ಒಮ್ಮೆ ಹೋದರೆ, ರುಜು ಹಾಕಿಸುವ ನೆಪದಲ್ಲಿ ಇನ್ನೊಮ್ಮೆ ಹೋಗಬಹುದು ನೋಡಿ. ಎರಡನೇ ಸಲ ಜನ "ಬಂದ್ರಾ, ಬನ್ನಿ" ಅನ್ನುತ್ತಾರೆ. ಆ ಒಂದು ಮಾತಿಗೆ ನಾನು ಸೊರಬದ ಬಸ್ಸುಗಳಲ್ಲಿ ಎಷ್ಟು ನಿಂತುಕೊಂಡು ಹೋಗಿದ್ದೇನೋ!

ಕುಪ್ಪಗಡ್ಡೆಯ ಬಸಣ್ಣ ಗೀಗೀ ಪದದಲ್ಲಿ ಸಾಲು ಎತ್ತುವವನು. ಹಿಮ್ಮೇಳಕ್ಕೆ ನಮ್ಮೂರಿನ ಹುಸೇನ್ ಸಾಬರು. ಗಾದಿ ಹೊಲಿಯುವುದು ಅವರ ಕಸುಬು. ಹುಡುಗರಾಗಿದ್ದಾಗಿನಿಂದ ಜೋಡಿ. ಇಬ್ಬರೂ ಇರುವ ಫೋಟೊಗೆ ರುಜು ಕೇಳಿದಾಗ ಬಸಣ್ಣ ಎಡಗಡೆಯಿಂದ ಕನ್ನಡದಲ್ಲಿ ಶುರು ಮಾಡಿದ, ಸಾಬರು ಬಲಗಡೆಯಿಂದ ಉರ್ದುವಿನಲ್ಲಿ. ನಡುವೆ ಎರಡು ಹೆಸರೂ ಡಿಕ್ಕಿ ಹೊಡೆದವು.

"ಹಾಡುವಾಗ್ಲೂ ಹಿಂಗೇಯ. ನಂಗೆ ಉಸ್ರು ಬಿಡೋಕೆ ಪುರ್ಸೊತ್ತು ಕೊಡಲ್ಲ, ಬಂದು ಮುಟ್ತಾನೆ," ಎಂದು ಬಸಣ್ಣ ನಕ್ಕ.

ಹೋದ ವರ್ಷ ಬಸಣ್ಣ ತೀರಿಕೊಂಡ. ಕೆಲವು ವಾರ ಕಳೆದು ಒಂದು ಮಧ್ಯಾಹ್ನ ಸಾಬರು ನನ್ನ ಬಾಗಿಲಲ್ಲಿ ನಿಂತಿದ್ದರು. ನನ್ನ ಮನೆಗೆ ಹಾಡುಗಾರರೊಬ್ಬರು ತಾವಾಗಿ ಬಂದದ್ದು ಅದೇ ಮೊದಲು. ಗಡಿಬಿಡಿಯಲ್ಲಿ ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆತೆ.

"ಆ ಫೋಟೊ ಒಮ್ಮೆ ತೋರಿಸ್ರೀ," ಎಂದರು.

ಬಹಳ ಹೊತ್ತು ನೋಡಿದರು. ಆಮೇಲೆ ತೊಡೆ ತಟ್ಟಿಕೊಂಡು ಹಿಮ್ಮೇಳ ಹಾಡಿದರು. ಬಸಣ್ಣನ ಸಾಲು ಬರಬೇಕಾದಲ್ಲಿ ಬಾಯಿ ಮುಚ್ಚಿ ಬರೀ ತಾಳ ಹಾಕಿದರು. ಮತ್ತೆ ಹಿಮ್ಮೇಳ. ಮತ್ತೆ ಆ ಖಾಲಿ.

"ಆ ಸಾಲು ನಿಮಗೆ ಬರುತ್ತಲ್ಲ, ಹಾಡಿ ಸಾಬ್ರೇ," ಎಂದೆ.

"ಬರ್ತೈತ್ರೀ. ಅದು ಅವನ್ದು."

ಮುಂದಿನ ಖಾಲಿಯನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಎಷ್ಟೋ ಸಲ ಕೇಳಿದ ಸಾಲು, ಹೇಗೋ ಎತ್ತಿಬಿಟ್ಟೆ. ಸ್ವರ ಎತ್ತಲೋ ಹೋಯಿತು. ಸಾಬರು ಕಣ್ಣು ಮುಚ್ಚಿಕೊಂಡು, ನನಗೆ ಉಸಿರು ಬಿಡಲೂ ಕೊಡದೆ ಬಂದು ಸೇರಿಕೊಂಡರು. ಪದ ಮುಗಿದ ಮೇಲೆ ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡರು.

"ತಪ್ಪು ತಿಳ್ಕಬ್ಯಾಡ್ರಿ, ನಿಮ್ಗೆ ಧ್ವನಿ ಇಲ್ಲ," ಎಂದರು. "ಇನ್ನೊಮ್ಮೆ ಎತ್ರಿ."

ಈಗ ಅವರು ಹಾನಗಲ್ಲಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಸಂಜೆ ಒಮ್ಮೊಮ್ಮೆ ಫೋನ್ ಬರುತ್ತದೆ. ಆರೋಗ್ಯ, ಊಟ ಏನೂ ಕೇಳುವುದಿಲ್ಲ. "ಹೂಂ, ಎತ್ರಿ," ಅನ್ನುತ್ತಾರೆ.

ನಾನು ಎದ್ದು ಕಿಟಕಿ ಮುಚ್ಚಿ ಬಂದು, ಎತ್ತುತ್ತೇನೆ.