ಓಸ್ ಕಿಯೆರೊ ಅಂದ ಧರ್ಮಾವತಿ

ಧರ್ಮಾವತಿಯ ಸಿಟ್ಟು ನಮ್ಮ ಬಸ್ತಿಹಳ್ಳಿಗೆ ಹೊಸದಲ್ಲ. ಹಾಲಿಗೆ ನೀರು ಬೆರೆಸಿ ತಂದವನ ಎದುರಿಗೇ ಅಷ್ಟೂ ಹಾಲನ್ನು ಚರಂಡಿಗೆ ಸುರಿದವಳು ಆಕೆ. ಆದರೆ ಎಂಬತ್ತೊಂದನೇ ಇಸವಿಯಲ್ಲಿ ಬಂದ ಸಿಟ್ಟು ಬೇರೆ. ಅದು ಇಳಿಯಲೇ ಇಲ್ಲ.

ಗಂಡ ತೀರಿಕೊಂಡ ಮೇಲೆ ಬಸದಿಯ ಹತ್ತಿರದ ಮನೆಯಲ್ಲಿ ಒಬ್ಬಳೇ ಇದ್ದಳು. ಆಚೆ ಮನೆ ಭಾವ ಆದಿರಾಜಯ್ಯನದು. ನಡುವೆ ಒಂದೇ ಗೋಡೆ. ಆತ ಕೊಬ್ಬರಿ ವ್ಯಾಪಾರಿ, ಇಲ್ಲಿನ ಕೆಲವೇ ಜೈನ ಮನೆಗಳಿಗೆ ಹಿರಿಯ. ತಾಯಿಯಿಲ್ಲದ ಆತನ ಮಗಳು ರತ್ನಪ್ರಭಾಳನ್ನು ಸಾಕಿ ಬೆಳೆಸಿದ್ದು ಧರ್ಮಾವತಿಯೇ.

ಅದಕ್ಕೂ ಕೆಲವು ವರ್ಷದ ಹಿಂದೆ ಸ್ಪೇನ್ ದೇಶದಿಂದ ಪಿಲಾರ್ ಅನ್ನುವ ಹೆಂಗಸು ಬಂದಿದ್ದಳು. ಪಿಲಾರ್ ಅಂದರೆ ಅವರ ಭಾಷೆಯಲ್ಲಿ ಕಂಬವಂತೆ. ಬಂದಿದ್ದೂ ಬಸದಿಯ ಕಂಬಗಳ ಚಿತ್ರ ಬರೆಯುವುದಕ್ಕೇ. ಎರಡು ಚಳಿಗಾಲ ಧರ್ಮಾವತಿಯ ಮುಂದಿನ ಕೋಣೆಯಲ್ಲಿ ಉಳಿದಳು. ಹೊತ್ತು ಮುಳುಗುವ ಮೊದಲೇ ಇಬ್ಬರೂ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಒಲೆಯ ಮುಂದೆಯೇ ಒಬ್ಬರ ಮಾತು ಇನ್ನೊಬ್ಬರಿಗೆ ಬಂತು.

ಹೊರಡುವ ದಿನ ಪಿಲಾರ್ ಅವಳನ್ನು ತಬ್ಬಿಕೊಂಡು "ತೆ ಕಿಯೆರೊ" ಅಂದಳು. ಧರ್ಮಾವತಿಗೆ ಅಚ್ಚರಿ. ಪಿಲಾರ್ ನೀರು ಬೇಕಾದಾಗಲೂ ಕಿಯೆರೊ ಅನ್ನುತ್ತಿದ್ದಳಲ್ಲ! ಹೌದು, ಬೇಕು ಅನ್ನುವುದಕ್ಕೂ ಪ್ರೀತಿ ಅನ್ನುವುದಕ್ಕೂ ಅದೇ ಮಾತು, ಒಬ್ಬರಿಗಾದರೆ 'ತೆ', ಹಲವರಿಗಾದರೆ 'ಓಸ್' ಎಂದು ಪಿಲಾರ್ ತಿಳಿಸಿದಳು.

"ಹಂಗಾದ್ರೆ ದೊಡ್ಡೋರಿಗೂ ಓಸ್ ಅನ್ನಬೇಕಾ?"

"ಇಲ್ಲ, ಗುಂಪಿಗೆ ಮಾತ್ರ" ಎಂದು ಪಿಲಾರ್ ನಕ್ಕಳು.

ಆಮೇಲೆ ಪಿಲಾರಳ ಮಾತು ಕೇಳಿ ಆ ದೇಶದವರು ಆಗಾಗ ಬಸ್ಸಿನಲ್ಲಿ ಬರತೊಡಗಿದರು. ಧರ್ಮಾವತಿ ಮಜ್ಜಿಗೆ ಕೊಟ್ಟು, ಕನ್ನಡಿಯಂತೆ ಹೊಳೆಯುವ ಕಂಬಗಳನ್ನು ತೋರಿಸಿ, ಹೊರಡುವಾಗ ಎಲ್ಲರಿಗೂ "ಓಸ್ ಕಿಯೆರೊ" ಅನ್ನುತ್ತಿದ್ದಳು. ಮುದುಕಿಯರು ಕಣ್ಣೊರೆಸಿಕೊಳ್ಳುತ್ತಿದ್ದರು.

ಅವರನ್ನು ಕರೆತರುತ್ತಿದ್ದವನು ಹಗರೆಯ ಗೈಡ್ ಜಯದೇವಪ್ಪ. ಜನ ತನ್ನನ್ನು ಬಿಟ್ಟು ಆಕೆಯನ್ನು ಮುತ್ತಿಕೊಳ್ಳುವುದು ಅವನಿಗೆ ಹಿಡಿಸಲಿಲ್ಲ. ಹಳೇಬೀಡಿನ ಹೋಟೆಲಿನಲ್ಲಿ ಕೂತು ಹೇಳಿದ: "ಆ ವಿಧವೆ ಏನಂತಾಳೆ ಗೊತ್ತೇನ್ರಲಾ? ನೀವೆಲ್ಲ ನಂಗೆ ಬೇಕು ಅಂತಾಳೆ! ಒಬ್ಬನಲ್ಲ ಕಣ್ಲಾ, ಇಡೀ ಬಸ್ಸೇ ಬೇಕಂತೆ!"

ಸಂಜೆಯೊಳಗೆ ಮಾತು ಊರಿಗೆ ಬಂತು. ಮಾರನೇ ಬೆಳಿಗ್ಗೆ ಆದಿರಾಜಯ್ಯ ನಾಲ್ಕು ಜನರನ್ನು ಜಗಲಿಯಲ್ಲಿ ಕೂರಿಸಿಕೊಂಡು ಅವಳನ್ನು ಕರೆಸಿದ.

"ಆ ಮಾತಿಗೆ ಬೇಕು ಅಂತ ಅರ್ಥ ಹೌದೋ ಅಲ್ವೋ?"

"ಹೌದು."

"ಗಂಡಸರೂ ಇರ್ತಾರಲ್ಲ ಆ ಗುಂಪಲ್ಲಿ?"

ಧರ್ಮಾವತಿಯ ಮುಖ ಕೆಂಪಾಯಿತು. "ಭಾವ, ಹೋದ ವಾರ ಅರಸೀಕೆರೆಯಿಂದ ನೆಂಟರು ಬಂದಾಗ ಇವರೆಲ್ಲ ನಮಗೆ ತುಂಬಾ ಬೇಕಾದೋರು ಅಂದ್ರಲ್ಲ, ಆಗ ನಿಮಗೆ ಏನು ಬೇಕಾಗಿತ್ತು? ನಿಮ್ಮ ಬಾಯಲ್ಲಿ ಬಂದ್ರೆ ಬಾಂಧವ್ಯ, ನನ್ನ ಬಾಯಲ್ಲಿ ಬಂದ್ರೆ ಹಾದರವಾ?"

ಕೂತವರು ತಲೆ ತಗ್ಗಿಸಿದರು. ಆದಿರಾಜಯ್ಯ ಎದ್ದು ನಿಂತ. "ಇನ್ಮೇಲೆ ಆ ಮಾತು ಆಡಕೂಡದು. ಆಡಿದ್ರೆ ನನ್ನ ಹೊಸಿಲು ತುಳೀಬೇಡ."

"ಇಪ್ಪತ್ತು ವರ್ಷ ನಿಮ್ಮ ಮಗಳಿಗೆ ಅನ್ನ ಬೇಯಿಸೋಕೆ ತುಳಿದ ಹೊಸಿಲದು. ಬೇಡ ಅಂದ್ರೆ ಬೇಡ."

ಮುಂದಿನ ಗುಂಪು ಬಂದಾಗ ಊರವರು ಬೇಲಿಯಾಚೆ ನಿಂತು ನೋಡುತ್ತಿದ್ದರು. ಧರ್ಮಾವತಿ ಎಂದಿನಂತೆ ಮಜ್ಜಿಗೆ ಕೊಟ್ಟಳು, ಕಂಬ ತೋರಿಸಿದಳು. ಬಸ್ಸು ಹೊರಡುವಾಗ ಗಂಟಲೆತ್ತಿ, ಭಾವನ ಮನೆಗೂ ಕೇಳುವ ಹಾಗೆ, "ಓಸ್ ಕಿಯೆರೊ" ಅಂದಳು. ಜಯದೇವಪ್ಪ ಹಿಂದಿನಿಂದ ಬಂದು ಕೈಮುಗಿದ. "ಅಕ್ಕಾ, ತಮಾಷೆಗೆ ಅಂದಿದ್ದೆ. ಇಷ್ಟು ದೊಡ್ಡದಾಗ್ತದೆ ಅಂತ ಗೊತ್ತಿರ್ಲಿಲ್ಲ."

"ಆ ಹೋಟೆಲಲ್ಲೇ ನಿಂತು, ನೀನು ಅಂದಿದ್ದು ಸುಳ್ಳು ಅಂತ ಹೇಳಿ ಬಾ. ಆಮೇಲೆ ಅಕ್ಕ ಅನ್ನು."

ಅವನು ಹೇಳಲಿಲ್ಲ. ಬಸ್ತಿಹಳ್ಳಿಗೆ ಜನರನ್ನು ಕರೆತರುವ ಕೆಲಸ ಬೇರೆಯವನಿಗೆ ವಹಿಸಿ, ತಾನು ಬೇಲೂರಿನ ಕಡೆ ಮಾತ್ರ ಓಡಾಡಿಕೊಂಡಿದ್ದ.

ಮರುವರ್ಷ ರತ್ನಪ್ರಭಾಗೆ ಮದುವೆ ಗೊತ್ತಾಯಿತು. ಚಪ್ಪರಕ್ಕೆ ಊರೆಲ್ಲ ಕರೆ ಹೋಯಿತು, ಗೋಡೆಯಾಚೆಗೆ ಹೋಗಲಿಲ್ಲ. ಮದುವೆಯ ಹಿಂದಿನ ದಿನ ಹುಡುಗಿಯೇ ಅರಿಸಿನ ಮೆತ್ತಿದ ಕೈಯಲ್ಲಿ ಹಿತ್ತಲಿನಿಂದ ಬಂದಳು.

"ಚಿಕ್ಕಮ್ಮ, ನೀವಿಲ್ದೆ ನಾನು ಹೆಂಗೆ ಹಸೆ ಮೇಲೆ ಕೂರಲಿ?"

ಧರ್ಮಾವತಿ ಅವಳ ತಲೆ ಸವರಿ, ತನ್ನ ಎರಡೆಳೆ ಸರ ತೆಗೆದು ಕೊರಳಿಗೆ ಹಾಕಿದಳು. "ನಿನ್ನ ಮೇಲೆ ಏನಿಲ್ಲ ಮಗಳೇ. ನಿಮ್ಮಪ್ಪ ನಾಲ್ಕು ಜನದ ಮುಂದೆ ಹೊಸಿಲು ತುಳೀಬೇಡ ಅಂದವರು. ಬಂದು ಬಾಗಿಲಲ್ಲಿ ನಿಂತು ಬಾ ಅನ್ನಲಿ, ಬರ್ತೀನಿ."

ಅವತ್ತು ಆದಿರಾಜಯ್ಯ ಅವಳ ಬಾಗಿಲವರೆಗೆ ಬಂದಿದ್ದನಂತೆ. ನೋಡಿದವರು ಹೇಳುತ್ತಾರೆ: ಪಂಚೆ ಸರಿಮಾಡಿಕೊಂಡ, ಕೆಮ್ಮಿದ, ಹಾಗೇ ತಿರುಗಿ ಹೋದ.

ಧಾರೆಯ ಹೊತ್ತಿಗೆ ಗೋಡೆಯಾಚೆ ವಾಲಗ ಜೋರಾಯಿತು. ಧರ್ಮಾವತಿ ಒರಳಿನ ಮುಂದೆ ನಿಂತು ಒಣಮೆಣಸಿನಕಾಯಿ ಕುಟ್ಟುತ್ತಿದ್ದಳು. ಘಾಟಿಗೆ ಕಣ್ಣಲ್ಲಿ ನೀರಿಳಿಯುತ್ತಿತ್ತು. ನೋಡಲು ಹೋದ ನೆರೆಮನೆಯ ಹುಡುಗಿ ಪದ್ಮಲತಾ "ಇನ್ನಾದ್ರೂ ಹೋಗಿ ಬನ್ನಿ, ಅಮ್ಮ" ಅಂದಾಗ ಒನಕೆ ನಿಲ್ಲಿಸದೆಯೇ ಅಂದಳು: "ನಾನು ಹೋಗಲ್ಲ ಕಣೇ. ನಾನು ಬೇಕಾಗಿದ್ರೆ ಕರೀತಿದ್ರು."