ನಗುವವರು ಕೇಳುವ ಪ್ರಶ್ನೆ

ಮಾನ್ಯ ಓದುಗರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಇಂದು ಬೆಳಿಗ್ಗೆ ದೇವದುರ್ಗದಿಂದ ರಾಯಚೂರಿಗೆ ಹೊರಟ ಬಸ್ಸಿನಲ್ಲಿ ಯಾರೋ ಸೊಂಟಕ್ಕೆ ಹಚ್ಚಿಕೊಂಡಿದ್ದ ನೋವಿನ ಮುಲಾಮಿನ ವಾಸನೆ ಬಂದು, ನನಗೆ ಮಾನ್ವಿಯಲ್ಲಿರುವ ನಮ್ಮ ಕಾಕಾ ಅವರ ಮನೆ ನೆನಪಾಯಿತು. ಬರೆದು ರೂಢಿಯಿಲ್ಲದ ನನಗೆ ಅರ್ಜಿಯ ಭಾಷೆಯೊಂದೇ ಗೊತ್ತು, ತಪ್ಪಿದ್ದಲ್ಲಿ ಮನ್ನಿಸುವುದು.

ಕಾಕಾ ಸೇನೆಯಲ್ಲಿ ತೋಪುಗಳ ದಳದಲ್ಲಿದ್ದವರು. ತೋಪಿನ ಸದ್ದು ಕಿವಿಗಳನ್ನೂ, ಗುಂಡಿನ ಪೆಟ್ಟಿಗೆಗಳ ಭಾರ ಬೆನ್ನನ್ನೂ ತೆಗೆದುಕೊಂಡಿದ್ದವು. ಬೆನ್ನಿನ ನರ ಒತ್ತಿ ಎಡಗಾಲು ಮರಗಟ್ಟಿತ್ತು. ಚಪ್ಪಲಿ ಕಳಚಿದ್ದು ತಿಳಿಯದೆ ಅವರು ಮುಂದೆ ನಡೆದರೆ, ಅವರ ಹೆಂಡತಿ, ನಮ್ಮ ಕಾಕು, ಅದನ್ನು ಎತ್ತಿಕೊಂಡು ಹಿಂದೆ ಬರುತ್ತಿದ್ದರು.

“ಕಿವಿ ಕೊಟ್ರಿ, ಸೊಂಟ ಕೊಟ್ರಿ. ಈಗ ಚಪ್ಲಿನೂ ಸರಕಾರಕ್ಕ ಕೊಡಾಕತ್ತೀರೇನ್ರಿ?”

ಈ ನ್ಯೂನತೆಗಳು ಸೇವೆಯಿಂದಲೇ ಬಂದವೆಂದು ವೈದ್ಯರ ಮಂಡಳಿ ಒಪ್ಪಿದರೆ ಮಾತ್ರ ಅಂಗವೈಕಲ್ಯ ಪಿಂಚಣಿ. ಕೆಲವು ವರ್ಷಗಳ ಹಿಂದೆ ಆ ಪರೀಕ್ಷೆಗೆ ಕಾಕು ಮತ್ತು ನಾನು ಜೊತೆಗೆ ಹೋಗಿದ್ದೆವು. ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಲಾಯಿತು. ವೈದ್ಯರ ಮೈಮೇಲೆ ಸೇನೆಯ ಸಮವಸ್ತ್ರ ಕಂಡೊಡನೆ ಕಾಕಾ ಆ ಬೆನ್ನನ್ನೇ ನೆಟ್ಟಗೆ ಮಾಡಿ ನಿಂತರು. ವೈದ್ಯರು ನಮ್ಮ ಕಡೆಯವರೇ, ಸಜ್ಜನರು. ನಗುತ್ತಾ ಕೇಳಿದರು:

“ನೋವು ಎಷ್ಟು ಅದರಿ, ಯಜಮಾನ್ರ?”

“ಆರಾಮ್ ರೀ, ಸಾಹೇಬ್ರ!”

“ಕಾಲು ಜೋಮು ಹಿಡಿತದೇನ್ರಿ?”

“ಮನ್ಯಾಗೂ ಎಲ್ಲಾರೂ ಆರಾಮ್ ರೀ. ನಿಮ್ಮ ಆಶೀರ್ವಾದ!”

ಕಾಕು ಬಾಗಿಲಿನಿಂದ ಎರಡೂ ಕೈ ಬೀಸಿದರು, ಅವರನ್ನು ಸುಮ್ಮನಿರಿಸಲಾಯಿತು. ಹೊರಗೆ ಬಂದ ಮೇಲೆ ಅವರು ಗಂಡನ ಕಿವಿಗೆ ಬಾಯಿಟ್ಟು ಕೂಗಿದರು: “ನೋವು ಐತಿ ಅನ್ನಾಕ ಏನಾಗಿತ್ರೀ ನಿಮಗ?”

“ಅವ್ರು ಏನ್ ಕೇಳಿದ್ರೋ ನನಗೇನ್ ಗೊತ್ತು? ಮಾರಿ ಮ್ಯಾಲ ನಗಿ ಇತ್ತು. ನಗೋರು ಮತ್ತೇನ್ ಕೇಳ್ತಾರ ಬೇ?”

ನಮ್ಮ ಸೀಮೆಯಲ್ಲಿ ನಗುತ್ತಾ ಎದುರಾದವರು ಕೇಳುವುದು ‘ಆರಾಮ?’ ಎಂದೇ, ಪ್ರಾಣ ಹೋಗುತ್ತಿದ್ದರೂ ಅದಕ್ಕೆ ಉತ್ತರ ಒಂದೇ.

ಕೆಲವು ತಿಂಗಳ ನಂತರ ಆದೇಶ ಬಂದಿತು. ಅರ್ಜಿದಾರರು ಪ್ರಶ್ನೆಗಳಿಗೆ ತಡವಿಲ್ಲದೆ ಉತ್ತರಿಸಿದ್ದು, ನೋವಿನ ಬಗ್ಗೆ ಯಾವುದೇ ದೂರು ಇರುವುದಿಲ್ಲ. ತಿರಸ್ಕರಿಸಲಾಗಿದೆ.

ಅಂದಿನಿಂದ ಕಾಕಾ, ಯಾರು ಎದುರಾಗಿ ನಕ್ಕರೂ ತುಟಿ ಬಿಚ್ಚುವುದಿಲ್ಲ. ಓಣಿಯವರು ಅದನ್ನು ಮಿಲಿಟ್ರಿ ಸೊಕ್ಕು ಎನ್ನುತ್ತಾರೆ. ಕಾಕು ಈಗ ತಮಾಷೆ ಮಾಡುವುದಿಲ್ಲ. ಚಪ್ಪಲಿಯನ್ನು ಎತ್ತಿಕೊಂಡು ಹಿಂದೆ ಬರುತ್ತಾರೆ.

ನಾನು ಈಗ ರಾಯಚೂರಿಗೆ ಹೊರಟಿರುವುದು ಮರುಪರೀಕ್ಷೆ ಕೋರಿ ಅರ್ಜಿ ಸಲ್ಲಿಸಲು. ಬೆನ್ನು, ನರ, ಕಿವಿ ಎಲ್ಲವನ್ನೂ ಮನೆಯಲ್ಲೇ ಕ್ರಮವಾಗಿ ನಮೂದಿಸಿದ್ದೆ. ಬಸ್ಸಿನ ಕುಲುಕಾಟದಲ್ಲಿ, ಸೊಟ್ಟ ಅಕ್ಷರಗಳಲ್ಲಿ, ಸಹಿಯ ಮೇಲೆ ಇನ್ನೊಂದು ಸಾಲು ಸೇರಿಸಿರುತ್ತೇನೆ: ಪರೀಕ್ಷಿಸುವ ವೈದ್ಯರು ದಯಮಾಡಿ ನಗಬಾರದಾಗಿ ಕೋರಿಕೆ.